ಅಕ್ಕನ ಕಾಯಿಲೆ, ತಂಗಿಯ ಚಿಕಿತ್ಸೆ

2013ರ ಜುಲೈ ತಿಂಗಳಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರ ಒಂದು ವರದಿ ಬಂತು. ಅದರಲ್ಲಿದ್ದುದು ಮೂರೇ ಮಕ್ಕಳ ವಿವರ. ಮೂವರಿಗೂ ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೋಫಿ ಎಂಬ ಅನುವಂಶಿಕ ಕಾಯಿಲೆ ಇತ್ತು. ವೈದ್ಯರು ಅದನ್ನು ಚಿಕ್ಕದಾಗಿ ಎಂಎಲ್‌ಡಿ ಎನ್ನುತ್ತಾರೆ. ಚಿಕಿತ್ಸೆಗೆ ಬಂದಾಗ ಮೂವರಲ್ಲೂ ಕಾಯಿಲೆಯ ಲಕ್ಷಣ ಇನ್ನೂ ತಲೆದೋರಿರಲಿಲ್ಲ. ಹಾಗಿದ್ದರೆ ರೋಗವಿದೆಯೆಂದು ತಿಳಿದದ್ದು ಹೇಗೆ? ಅವರವರ ಮನೆಯಲ್ಲಿ ಮೊದಲು ಹುಟ್ಟಿದ ಮಗುವಿಗೆ ಆ ರೋಗ ಬಂದಿತ್ತು. ದೊಡ್ಡ ಮಗುವಿನ ರೋಗಕ್ಕೆ ಹೆಸರು ಸಿಕ್ಕಿದ್ದರಿಂದ ಚಿಕ್ಕದರ ರಕ್ತವನ್ನೂ ಪರೀಕ್ಷಿಸಿದರು. ಅರವತ್ತು ವರ್ಷಗಳ ವಿಜ್ಞಾನ ಕೊನೆಗೆ ಕೈಗೂಡಿದ್ದು ಹೀಗೆ, ಒಡಹುಟ್ಟಿದವರಲ್ಲಿ ಮೊದಲಿನವರು ತೆತ್ತ ಬೆಲೆಯಿಂದ. ಈ ಚರಿತ್ರೆಯನ್ನು ಓದುವವರು ಇದನ್ನು ಮರೆಯಬಾರದು.

ಎಂಎಲ್‌ಡಿಯ ಅತ್ಯಂತ ಕ್ರೂರ ರೂಪ ಎರಡೂವರೆ ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಮಗು ಸರಿಯಾಗಿಯೇ ಹುಟ್ಟಿರುತ್ತದೆ. ಮಗುಚುತ್ತದೆ, ಕೂರುತ್ತದೆ, ಎಷ್ಟೋ ಸಲ ನಾಲ್ಕು ಹೆಜ್ಜೆ ನಡೆಯುತ್ತದೆ ಕೂಡ. ಆಮೇಲೆ ಎಡವತೊಡಗುತ್ತದೆ. ನಡೆಯುತ್ತಿದ್ದ ಮಗು ಅಂಬೆಗಾಲಿಗೆ ಮರಳುತ್ತದೆ, ಕಲಿತ ಮಾತು ಒಂದೊಂದಾಗಿ ಬಿಟ್ಟುಹೋಗುತ್ತದೆ, ನುಂಗುವುದೂ ಕಷ್ಟವಾಗುತ್ತದೆ. ಆರಿಲ್‌ಸಲ್ಫಟೇಸ್-ಎ ಎಂಬ ಒಂದೇ ಒಂದು ಕಿಣ್ವ ದೇಹದಲ್ಲಿ ಕೆಲಸ ಮಾಡದಿರುವುದು ಇದಕ್ಕೆಲ್ಲ ಕಾರಣ. ಆ ಕಿಣ್ವ ಇಲ್ಲವಾದರೆ ಸಲ್ಫಟೈಡ್ ಎಂಬ ಕೊಬ್ಬಿನ ವಸ್ತು ಕರಗದೆ ಶೇಖರವಾಗುತ್ತ ಹೋಗುತ್ತದೆ, ಮಿದುಳಿನ ನರತಂತುಗಳ ಹೊದಿಕೆಯನ್ನು ಹಾಳುಮಾಡುತ್ತದೆ. ತಂದೆತಾಯಿ ಇಬ್ಬರಲ್ಲೂ ದೋಷವಿರುವ ಜೀನಿನ ಒಂದೊಂದು ಪ್ರತಿ ಇರುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಎರಡೂ ಪ್ರತಿ ಒಂದೇ ಮಗುವಿಗೆ ಬಂದರೆ ಮಾತ್ರ ರೋಗ. ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲೊಂದು.

ಇಂಥ ರೋಗಗಳನ್ನು ಲೈಸೋಸೋಮ್ ಶೇಖರಣಾ ರೋಗಗಳು ಎಂದು ಒಂದೇ ಗುಂಪಿಗೆ ಸೇರಿಸುವುದು ಲೈಸೋಸೋಮ್ ಎಂಬುದೊಂದಿದೆ ಎಂದು ಗೊತ್ತಾಗುವವರೆಗೆ ಸಾಧ್ಯವಿರಲಿಲ್ಲ. ಗೊತ್ತಾದದ್ದೂ ಬೇರೇನನ್ನೋ ಹುಡುಕುವಾಗ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡೂವ್ ಇನ್ಸುಲಿನ್ ಕುರಿತು ಕೆಲಸ ಮಾಡುತ್ತಿದ್ದರು. 1949ರಲ್ಲಿ ಇಲಿಯ ಪಿತ್ತಜನಕಾಂಗವನ್ನು ಅರೆದು ಅದರೊಳಗಿನ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆದಾಗ ಇರಬೇಕಾದುದಕ್ಕಿಂತ ತೀರ ಕಡಿಮೆ ಬಂತು. ಅದೇ ಮಾದರಿಯನ್ನು ಕೆಲವು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಅಳೆದರೆ ಕಿಣ್ವ ಪೂರ್ತಿ ಇದೆ! ಬೇರೆಯವರಾಗಿದ್ದರೆ ಮೊದಲ ಅಳತೆ ತಪ್ಪಿತು ಎಂದು ಮುಂದೆ ಹೋಗುತ್ತಿದ್ದರು. ಡಿ ಡೂವ್ ಹೋಗಲಿಲ್ಲ. ಕಿಣ್ವ ಯಾವುದೋ ಪೊರೆಯೊಳಗೆ ಭದ್ರವಾಗಿತ್ತು, ಫ್ರಿಜ್ಜಿನಲ್ಲಿದ್ದಾಗ ಪೊರೆ ಒಡೆದು ಹೊರಬಂತು ಎಂದು ಅವರು ಊಹಿಸಿದರು. ಊಹೆ ನಿಜವಾಯಿತು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು, 1974ರಲ್ಲಿ ನೊಬೆಲ್ ಪಡೆದರು.

ಜೀವಕೋಶದ ಹಳೆಯ, ಸವೆದ ವಸ್ತುಗಳನ್ನು ಒಡೆದು ಮತ್ತೆ ಬಳಕೆಗೆ ಬಿಡುವ ಜಾಗ ಈ ಲೈಸೋಸೋಮ್. ಅಲ್ಲಿ ಹತ್ತಾರು ಕಿಣ್ವಗಳಿವೆ, ಒಂದೊಂದಕ್ಕೂ ಅದರದೇ ಕೆಲಸ. ಒಂದು ಇಲ್ಲದಿದ್ದರೆ ಏನಾದೀತು ಎಂಬುದನ್ನು 1963ರಲ್ಲಿ ತೋರಿಸಿಕೊಟ್ಟವರು ಅದೇ ಲುವೆನ್ನಿನ ಆನ್ರಿ-ಜೆರಿ ಹರ್ಸ್. ಹೃದಯ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ತುಂಬಿಕೊಂಡು ಎಳೆಗೂಸುಗಳು ಸಾಯುವ ಪಾಂಪೆ ಕಾಯಿಲೆಯಲ್ಲಿ ಲೈಸೋಸೋಮಿನ ಒಂದು ಕಿಣ್ವವೇ ಇಲ್ಲವೆಂದು ಅವರು ಕಂಡುಕೊಂಡರು. ಆ ಕಾಯಿಲೆಯನ್ನು 1932ರಲ್ಲಿ ವಿವರಿಸಿದ ಡಚ್ ವೈದ್ಯ ಯೊಹಾನೆಸ್ ಪಾಂಪೆ ಈ ಉತ್ತರವನ್ನು ಕೇಳಲು ಉಳಿದಿರಲಿಲ್ಲ. ನಾಜಿಗಳ ವಿರುದ್ಧದ ಗುಪ್ತ ಹೋರಾಟದಲ್ಲಿದ್ದ ಅವರನ್ನು ಜರ್ಮನ್ನರು 1945ರ ಏಪ್ರಿಲ್‌ನಲ್ಲಿ ಗುಂಡಿಕ್ಕಿ ಕೊಂದರು. ಯುದ್ಧ ಮುಗಿಯಲು ಮೂರು ವಾರವಷ್ಟೇ ಬಾಕಿಯಿತ್ತು.

ಮುಂದಿನ ಹೆಜ್ಜೆ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಹೃದಯ. ಅದನ್ನಿಟ್ಟವರು ಎಲಿಜಬೆತ್ ನ್ಯೂಫೆಲ್ಡ್. ಪ್ಯಾರಿಸ್ಸಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ತಂದೆತಾಯಿಯೊಡನೆ ಅಮೆರಿಕಕ್ಕೆ ಬಂದವರು. ಮೊದಲು ಸಸ್ಯಗಳ ಕೋಶಭಿತ್ತಿಯಲ್ಲಿರುವ ಸಕ್ಕರೆಯ ಸರಪಣಿಗಳನ್ನು ಅಧ್ಯಯನ ಮಾಡುತ್ತಿದ್ದರು. ಅದೇ ಜಾತಿಯ ಸರಪಣಿಗಳು ಮನುಷ್ಯನ ದೇಹದಲ್ಲಿ ರಾಶಿಬೀಳುವ ಹರ್ಲರ್ ಮತ್ತು ಹಂಟರ್ ಎಂಬ ಎರಡು ಕಾಯಿಲೆಗಳತ್ತ ಅವರ ಗಮನ ತಿರುಗಿತು. ಮುಖದ ಚಹರೆ ಬದಲಾಗುವುದು, ಕೀಲುಗಳು ಬಿಗಿಯುವುದು, ಬುದ್ಧಿ ಕುಂದುವುದು ಎರಡರಲ್ಲೂ ಕಾಣುತ್ತದೆ. ಈ ಮಕ್ಕಳ ದೇಹ ಆ ಸರಪಣಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುತ್ತಿರಬೇಕು ಎಂಬ ಶಂಕೆಯಿಂದ ಅವರು ಶುರುಮಾಡಿದರು. ವಿಕಿರಣಶೀಲ ಗಂಧಕದ ಗುರುತು ಹಚ್ಚಿ ಹಿಂಬಾಲಿಸಿದಾಗ ಕಂಡದ್ದು ಬೇರೆ. ತಯಾರಿಕೆ ಸರಿಯಾಗಿಯೇ ಇತ್ತು, ಒಡೆಯುವ ಕೆಲಸ ನಡೆಯುತ್ತಿರಲಿಲ್ಲ.

1968ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬೆಥೆಸ್ಡಾ ಪ್ರಯೋಗಾಲಯದಲ್ಲಿ ನ್ಯೂಫೆಲ್ಡ್, ಜೋಸೆಫ್ ಫ್ರಾಟಾಂಟೋನಿ ಮತ್ತು ಕ್ಲಾರಾ ಹಾಲ್ ಹರ್ಲರ್ ರೋಗಿಯ ಚರ್ಮದ ಕೋಶಗಳನ್ನೂ ಹಂಟರ್ ರೋಗಿಯ ಚರ್ಮದ ಕೋಶಗಳನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದರು. ಎರಡೂ ರೋಗಿಷ್ಠ ಕೋಶಗಳೇ. ಆದರೆ ಜೊತೆಗಿಟ್ಟಾಗ ಎರಡೂ ಸರಿಹೋದವು! ಒಂದು ಬಗೆಯ ಕೋಶ ಬೆಳೆದ ದ್ರವವನ್ನು ಇನ್ನೊಂದಕ್ಕೆ ಹಾಕಿದರೂ ಸಾಕಿತ್ತು. ಮನೆಯಲ್ಲಿ ಹೆಪ್ಪು ಮುಗಿದಾಗ ಪಕ್ಕದ ಮನೆಯಿಂದ ಒಂದು ಚಮಚ ಮಜ್ಜಿಗೆ ತಂದು ಹಾಲಿಗೆ ಬಿಡುವುದಿಲ್ಲವೇ, ಕೋಶಗಳ ನಡುವೆಯೂ ನಡೆದದ್ದು ಅದೇ ಕೊಡುಕೊಳೆ. ಒಂದು ಕೋಶ ಹೊರಗೆ ಬಿಟ್ಟ ಕಿಣ್ವವನ್ನು ನೆರೆಯ ಕೋಶ ಒಳಗೆಳೆದುಕೊಂಡು ತನ್ನ ಲೈಸೋಸೋಮಿಗೆ ಸೇರಿಸಿಕೊಳ್ಳುತ್ತಿತ್ತು. ಬೇಕಾಗುವ ಪ್ರಮಾಣವೂ ತೀರ ಸ್ವಲ್ಪ. ಕಿಣ್ವದ ಮೇಲೆ ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಗುರುತಿರುತ್ತದೆ, ಅದನ್ನು ಗುರುತಿಸಿಯೇ ಕೋಶ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ಸುಮಾರು ಹತ್ತು ವರ್ಷಗಳ ನಂತರ ವಿಲಿಯಂ ಸ್ಲೈ ಮತ್ತು ಸಂಗಡಿಗರ ಕೆಲಸದಿಂದ ತಿಳಿಯಿತು.

ಇದರ ಮಹತ್ವ ಎಷ್ಟೆಂದರೆ, ಮುಂದೆ ಬಂದ ಚಿಕಿತ್ಸೆಗಳೆಲ್ಲ ಈ ತಟ್ಟೆಯಿಂದಲೇ ಹುಟ್ಟಿದವು ಎನ್ನಬಹುದು. ದೇಹದ ಕೋಟ್ಯಂತರ ಕೋಶಗಳನ್ನು ಒಂದೊಂದಾಗಿ ಸರಿಪಡಿಸಬೇಕಾಗಿಲ್ಲ. ಕೆಲವು ಕೋಶಗಳು ಕಿಣ್ವ ತಯಾರಿಸಿ ಹಂಚಿದರೆ ಉಳಿದವು ಬದುಕಿಕೊಳ್ಳುತ್ತವೆ. ಅನುವಂಶಿಕ ರೋಗಗಳಲ್ಲಿ ಇಂಥ ಅನುಕೂಲ ಇರುವುದು ಅಪರೂಪ.

ಮೊದಲ ದಾರಿ, ಕಿಣ್ವವನ್ನೇ ಚುಚ್ಚುಮದ್ದಾಗಿ ಕೊಡುವುದು. ಅಮೆರಿಕದ ವೈದ್ಯ ರಾಸ್ಕೋ ಬ್ರೇಡಿ ಇದೇ ಗುಂಪಿನ ಗೋಷೆ ಕಾಯಿಲೆಗೆ ಅದನ್ನು ಸಾಧಿಸಿದರು. ಹೆರಿಗೆಯ ನಂತರ ಬೀಳುವ ಮಾಸಿನಿಂದ ಕಿಣ್ವವನ್ನು ಬೇರ್ಪಡಿಸಬೇಕಿತ್ತು, ಒಬ್ಬ ರೋಗಿಗೆ ವರ್ಷಕ್ಕೆ ಸಾವಿರಾರು ಮಾಸು ಬೇಕಾಗುತ್ತಿದ್ದವು. 1991ರಲ್ಲಿ ಆ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮೂರು ವರ್ಷಗಳಲ್ಲಿ ಪ್ರಯೋಗಾಲಯದಲ್ಲೇ ತಯಾರಾದ ಕಿಣ್ವವೂ ಬಂತು. ಇಂದಿಗೂ ಅದರಿಂದ ಬದುಕಿರುವ ಸಾವಿರಾರು ಜನರಿದ್ದಾರೆ. ಆದರೆ ರಕ್ತದಿಂದ ಮಿದುಳಿಗೆ ಇಂಥ ದೊಡ್ಡ ಅಣುಗಳನ್ನು ಬಿಡದ ತಡೆಯೊಂದು ನಮ್ಮ ದೇಹದಲ್ಲಿದೆ. ರಕ್ತನಾಳಕ್ಕೆ ಕೊಟ್ಟ ಕಿಣ್ವದಿಂದ ಪಿತ್ತಜನಕಾಂಗ, ಗುಲ್ಮ ಸುಧಾರಿಸಿದರೂ ಮಿದುಳಿಗೆ ಪ್ರಯೋಜನವಿಲ್ಲ. ಎಂಎಲ್‌ಡಿಯಂಥ ಕಾಯಿಲೆಯ ಮಕ್ಕಳಿಗೆ ಈ ದಾರಿ ಮುಚ್ಚಿಹೋಯಿತು.

ಎರಡನೆಯ ದಾರಿಯನ್ನು ತೆರೆದವರು ಲಂಡನ್ನಿನ ಜಾನ್ ಹಾಬ್ಸ್. ವೆಸ್ಟ್‌ಮಿನ್‌ಸ್ಟರ್ ಮಕ್ಕಳ ಆಸ್ಪತ್ರೆಯಲ್ಲಿ ಹರ್ಲರ್ ಕಾಯಿಲೆಯ ಮಗುವೊಂದಕ್ಕೆ ಅವರ ತಂಡ ಬೇರೊಬ್ಬರ ಅಸ್ಥಿಮಜ್ಜೆಯನ್ನು ಕಸಿಮಾಡಿತು. ಮಗು ಸುಧಾರಿಸಿದ್ದನ್ನು 1981ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿತು. ಮಜ್ಜೆಯಿಂದ ಹುಟ್ಟುವ ಕೆಲವು ಕೋಶಗಳು ಮಿದುಳಿನೊಳಗೂ ಹೋಗಿ ನೆಲೆಸುತ್ತವೆ. ಕಿಣ್ವಕ್ಕಿಲ್ಲದ ಪ್ರವೇಶ ಈ ಕೋಶಗಳಿಗಿದೆ. ಎಂಎಲ್‌ಡಿಯ ಎಳೆಯ ಮಕ್ಕಳಲ್ಲಿ ಮಾತ್ರ ಈ ಕಸಿಯೂ ಸೋತಿತು. ಹೊಸ ಕೋಶಗಳು ಮಿದುಳು ಸೇರಲು ತಿಂಗಳುಗಟ್ಟಲೆ ಬೇಕು. ಅವು ಬಿಡುವ ಕಿಣ್ವವೂ ಓಡುತ್ತಿರುವ ರೋಗವನ್ನು ಹಿಡಿದು ನಿಲ್ಲಿಸುವಷ್ಟು ಇರಲಿಲ್ಲ.

ಮಗುವಿನ ಸ್ವಂತ ಮಜ್ಜೆಯ ಕೋಶಗಳಿಗೇ ಸರಿಯಾದ ಜೀನನ್ನು ತುಂಬಿ, ಅವು ಸಾಮಾನ್ಯ ಕೋಶಗಳಿಗಿಂತ ಹಲವು ಪಟ್ಟು ಹೆಚ್ಚು ಕಿಣ್ವ ತಯಾರಿಸುವಂತೆ ಮಾಡಿದರೆ? ಹೊರಗಿನ ದಾನಿ ಬೇಕಾಗಿಲ್ಲ, ಕೋಶಗಳನ್ನು ದೇಹ ತಿರಸ್ಕರಿಸುವ ಭಯವಿಲ್ಲ, ಕಿಣ್ವವೂ ಹೇರಳ. ಇದು ಮಿಲಾನಿನ ಆ ವರದಿಯ ಹಿಂದಿದ್ದ ಲುಯಿಜಿ ನಲ್ದೀನಿ ಮತ್ತು ಅಲೆಸ್ಸಾಂದ್ರ ಬಿಫಿ ಅವರ ಆಲೋಚನೆ. ಆದರೆ ಜೀನನ್ನು ಕೋಶದೊಳಗೆ ಒಯ್ಯುವ ವಾಹನ ಬೇಕಲ್ಲ?

ಆ ವಾಹನ ಬಂದದ್ದು ಯಾರೂ ಒಳ್ಳೆಯದನ್ನು ನಿರೀಕ್ಷಿಸದ ಕಡೆಯಿಂದ, ಏಡ್ಸ್ ತರುವ ಎಚ್‌ಐವಿಯಿಂದ. ಇಟಲಿಯ ಟ್ಯೂರಿನ್‌ನಿಂದ ಹೋದ ನಲ್ದೀನಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ, ಪಂಜಾಬಿನಲ್ಲಿ ಹುಟ್ಟಿದ ಇಂದರ್ ವರ್ಮಾ ಹಾಗೂ ಸ್ವಿಟ್ಜರ್ಲೆಂಡಿನ ದಿದಿಯೆ ತ್ರೋನೊ ಅವರೊಡನೆ ಈ ವೈರಸ್ಸಿನ ಮೇಲೆ ಕೆಲಸ ಮಾಡಿದರು. ರೋಗ ತರುವ ಭಾಗಗಳನ್ನೂ ಮರಿ ಹಾಕುವ ಶಕ್ತಿಯನ್ನೂ ತೆಗೆದುಹಾಕಿ, ಜೀನನ್ನು ಕೋಶದ ಕೇಂದ್ರಕ್ಕೆ ಒಯ್ದು ಅಲ್ಲಿ ಶಾಶ್ವತವಾಗಿ ನೆಡುವ ಶಕ್ತಿಯನ್ನು ಮಾತ್ರ ಉಳಿಸಿಕೊಂಡರು. ವಿಭಜನೆಯಾಗದೆ ಸುಮ್ಮನಿರುವ ಕೋಶಗಳನ್ನೂ ಅದು ಹೊಗಬಲ್ಲದು. ಜೀನನ್ನು ಶಾಶ್ವತವಾಗಿ ನೆಡುವ ಹಿಂದಿನ ವೈರಸ್ ವಾಹನಗಳಿಗೆ ಆ ಶಕ್ತಿ ಇರಲಿಲ್ಲ. 1996ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಕೆಲಸ ಪ್ರಕಟವಾಯಿತು. ಕೋಟ್ಯಂತರ ಜನರನ್ನು ಕೊಂದ ವೈರಸ್ಸನ್ನು ಮಕ್ಕಳ ಪ್ರಾಣ ಉಳಿಸಲು ಪಳಗಿಸಿದ್ದು ನಮ್ಮ ಕಾಲದ ದೊಡ್ಡ ಸಾಹಸಗಳಲ್ಲೊಂದು ಎಂದು ನಾನು ನಂಬುತ್ತೇನೆ.

ಅದೇ ಹೊತ್ತಿಗೆ ಜೀನ್ ಚಿಕಿತ್ಸೆಯ ಮೇಲಿನ ನಂಬಿಕೆಗೆ ಎರಡು ಭಾರೀ ಪೆಟ್ಟು ಬಿದ್ದವು. 1999ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಪಿತ್ತಜನಕಾಂಗದ ಬೇರೊಂದು ಅನುವಂಶಿಕ ತೊಂದರೆಯಿದ್ದ 18 ವರ್ಷದ ಹುಡುಗ ವೈರಸ್ ಕೊಟ್ಟ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ ಅಲೆನ್ ಫಿಷರ್ ಮತ್ತು ಮರೀನಾ ಕವಜಾನಾ ಅವರು ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳನ್ನು ಜೀನ್ ಚಿಕಿತ್ಸೆಯಿಂದ ಬದುಕಿಸಿದರೆಂದು 2000ದಲ್ಲಿ ಜಗತ್ತು ಸಂಭ್ರಮಪಟ್ಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಳ್ಳತೊಡಗಿತು. ಹಳೆಯ ಮಾದರಿಯ ವೈರಸ್ ಹೊಸ ಜೀನನ್ನು ತಪ್ಪು ಜಾಗದಲ್ಲಿ ನೆಟ್ಟು ಕ್ಯಾನ್ಸರ್ ಜೀನನ್ನು ಎಬ್ಬಿಸಿತ್ತು. ಹಲವು ದೇಶಗಳಲ್ಲಿ ಪ್ರಯೋಗಗಳು ನಿಂತವು, ಹಣ ಹೂಡಿದವರು ಹಿಂದೆ ಸರಿದರು.

ಮಿಲಾನ್ ಹಿಂದೆ ಸರಿಯಲಿಲ್ಲ. ಇದಕ್ಕೆ ವಿಜ್ಞಾನಿಗಳ ಛಲವಷ್ಟೇ ಕಾರಣವಲ್ಲ, ಹಣದ ಮೂಲವೂ ಕಾರಣ. 1990ರಲ್ಲಿ ಸುಸಾನ್ನಾ ಅನ್ಯೆಲ್ಲಿ ಸ್ನಾಯುಕ್ಷಯ ರೋಗಿಗಳ ಸಂಘದ ಕೋರಿಕೆಯಂತೆ ಇಟಲಿಯಲ್ಲಿ ಟೆಲಿಥಾನ್ ಶುರುಮಾಡಿದ್ದರು. ದಿನವಿಡೀ ನಡೆಯುವ ಟಿವಿ ಕಾರ್ಯಕ್ರಮದ ಮೂಲಕ ಜನರಿಂದ ದೇಣಿಗೆ ಎತ್ತುವ ಸಂಸ್ಥೆ ಅದು. ಆ ಹಣದಿಂದ ಸಾನ್ ರಫಾಯೆಲೆ ಆಸ್ಪತ್ರೆಯ ಆವರಣದಲ್ಲಿ ಜೀನ್ ಚಿಕಿತ್ಸೆಗೆಂದೇ ಸಂಶೋಧನಾ ಕೇಂದ್ರ ತಲೆಯೆತ್ತಿತು. ಲಾಭ ಕೇಳುವ ಹೂಡಿಕೆದಾರರು ಅಲ್ಲಿರಲಿಲ್ಲ. ಮಕ್ಕಳ ಕಾಯಿಲೆಗೆಂದು ತಮ್ಮ ಕೈಲಾದಷ್ಟು ಕೊಟ್ಟ ಸಾಮಾನ್ಯ ಜನ ಇದ್ದರು. ಹತ್ತು ವರ್ಷ ಫಲ ಕಾಣದಿದ್ದರೂ ಕಾಯುವ ತಾಳ್ಮೆ ಆ ಹಣಕ್ಕಿತ್ತು.

ಬಿಫಿ ಮತ್ತು ನಲ್ದೀನಿ 2004 ಮತ್ತು 2006ರಲ್ಲಿ ಎಂಎಲ್‌ಡಿ ಇರುವ ಇಲಿಗಳಲ್ಲಿ ತಮ್ಮ ಆಲೋಚನೆ ನಡೆಯುತ್ತದೆಂದು ತೋರಿಸಿದರು. ಆರೋಗ್ಯವಂತ ಇಲಿಯ ಮಜ್ಜೆಯ ಕಸಿಗಿಂತ, ಹೆಚ್ಚು ಕಿಣ್ವ ತಯಾರಿಸುವಂತೆ ಮಾಡಿದ ಕೋಶಗಳೇ ನರಗಳನ್ನು ಚೆನ್ನಾಗಿ ಕಾಪಾಡಿದವು. 2010ರಲ್ಲಿ ಮೊದಲ ಮಗು ಮಿಲಾನಿಗೆ ಬಂತು. ಮಗುವಿನ ಮಜ್ಜೆಯಿಂದ, ರಕ್ತಕೋಶಗಳನ್ನು ಹುಟ್ಟಿಸುವ ಆಕರಕೋಶಗಳನ್ನು ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಪಳಗಿಸಿದ ವೈರಸ್ಸಿನೊಡನೆ ಕೆಲವು ದಿನ ಇಡುತ್ತಾರೆ. ಅತ್ತ ಮಗುವಿಗೆ ಬುಸಲ್ಫಾನ್ ಎಂಬ ಕಟುವಾದ ಕೀಮೋ ಔಷಧ ಕೊಟ್ಟು ಹಳೆಯ ಮಜ್ಜೆಯನ್ನು ತೆರವುಗೊಳಿಸುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಸೋಂಕಿನ ಭಯದಲ್ಲಿ ವಾರಗಟ್ಟಲೆ ಪ್ರತ್ಯೇಕ ಕೋಣೆಯಲ್ಲಿರಬೇಕು. ಸರಿಪಡಿಸಿದ ಕೋಶಗಳನ್ನು ರಕ್ತ ಏರಿಸುವ ಹಾಗೆ ಒಮ್ಮೆ ಏರಿಸಿದರೆ ಮುಗಿಯಿತು. ಅವು ಮಜ್ಜೆಯಲ್ಲಿ ನೆಲೆಸಿ, ಅವುಗಳ ಸಂತತಿ ಮಿದುಳು ಸೇರಿ, ಅಲ್ಲಿ ಕಿಣ್ವ ಹಂಚುತ್ತವೆ. ಆಟವಾಡಿಕೊಂಡಿರುವ ಮಗುವಿಗೆ ಇಷ್ಟೆಲ್ಲ ಮಾಡಿಸಲು ಒಪ್ಪಿದ ತಂದೆತಾಯಿಯ ಮನಸ್ಸು ಎಂಥದ್ದಿರಬೇಕು! ಮನೆಯಲ್ಲಿ ಮಲಗಿದ ದೊಡ್ಡ ಮಗುವನ್ನು ಕಂಡವರಾದ್ದರಿಂದಲೇ ಅವರು ಒಪ್ಪಿದರು.

2013ರ ವರದಿಯ ಆ ಮೂವರೂ ಲಕ್ಷಣ ಕಾಣಿಸಬೇಕಿದ್ದ ವಯಸ್ಸನ್ನು ದಾಟಿದ್ದರು, ಆದರೂ ಅವರಲ್ಲಿ ರೋಗ ಮುಂದುವರಿದಿರಲಿಲ್ಲ. 2022ರಲ್ಲಿ 'ಲ್ಯಾನ್ಸೆಟ್' 29 ಮಕ್ಕಳ ಫಲಿತಾಂಶ ಪ್ರಕಟಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 37 ಮಕ್ಕಳ ವಿವರ ನೋಡಿ 2024ರ ಮಾರ್ಚ್ 18ರಂದು ಅನುಮತಿ ಕೊಟ್ಟಾಗ ಹೇಳಿದ್ದು ಹೀಗೆ: ಲಕ್ಷಣ ಕಾಣುವ ಮೊದಲೇ ಚಿಕಿತ್ಸೆ ಪಡೆದ ಎಳೆಯ ಮಕ್ಕಳೆಲ್ಲರೂ ಆರು ವರ್ಷದ ವಯಸ್ಸಿನಲ್ಲಿ ಬದುಕಿದ್ದರು, ಚಿಕಿತ್ಸೆ ಇಲ್ಲದವರಲ್ಲಿ ಬದುಕಿದ್ದವರು ಶೇ 58. ಲಕ್ಷಣ ಕಾಣಿಸಿಕೊಂಡು ವೇಗವಾಗಿ ಇಳಿಯುತ್ತಿರುವ ಮಗುವಿಗೆ ಮಾತ್ರ ಇದರಿಂದ ಉಪಯೋಗವಿಲ್ಲ. ಹೋದ ನರ ಮರಳುವುದಿಲ್ಲ.

ಯುರೋಪ್ 2020ರ ಡಿಸೆಂಬರಿನಲ್ಲೇ ಈ ಚಿಕಿತ್ಸೆಯನ್ನು ಲಿಬ್‌ಮೆಲ್ಡಿ ಎಂಬ ಹೆಸರಿನಲ್ಲಿ ಒಪ್ಪಿತ್ತು. ಅಷ್ಟರಲ್ಲಿ ಅದು ಗ್ಲಾಕ್ಸೋ ಸ್ಮಿತ್‌ಕ್ಲೈನ್ ಕಂಪನಿಯ ಕೈದಾಟಿ ಲಂಡನ್ನಿನ ಆರ್ಚರ್ಡ್ ಥೆರಪ್ಯೂಟಿಕ್ಸ್ ಪಾಲಾಗಿತ್ತು. ಬ್ರಿಟನ್ನಿನಲ್ಲಿ ನಿಗದಿಯಾದ ಬೆಲೆ 28 ಲಕ್ಷ ಪೌಂಡ್. ಸರ್ಕಾರಿ ಆರೋಗ್ಯ ಸೇವೆ ಚೌಕಾಸಿ ಮಾಡಿ 2022ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದರಂತೆ ಅಲ್ಲಿ ಮೊದಲು ಚಿಕಿತ್ಸೆ ಪಡೆದ ಪುಟ್ಟ ಹುಡುಗಿಯ ವಿಷಯ 2023ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರಿನಿಂದ ಹೊರಬಂತು. ಅವಳ ಅಕ್ಕನಿಗೂ ಅದೇ ರೋಗ. ಅಕ್ಕನಿಗೆ ಮೂರು ವರ್ಷ, ಚಿಕಿತ್ಸೆಯ ಸಮಯ ಮೀರಿತ್ತು. ಅಕ್ಕನ ಪರೀಕ್ಷೆಯಿಂದಲೇ ತಂಗಿಯ ರೋಗ ತಿಳಿದಿತ್ತು. ಅಮೆರಿಕದಲ್ಲಿ ಇದೇ ಚಿಕಿತ್ಸೆಗೆ 42.5 ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 35 ಕೋಟಿ ರೂಪಾಯಿ. ಜನರ ದೇಣಿಗೆಯಿಂದ ಬೆಳೆದ ಚಿಕಿತ್ಸೆ ಜನರಿಗೇ ನಿಲುಕದ ಬೆಲೆಗೆ ಏರಿತು. ಇದು ಅನ್ಯಾಯ. ಟೆಲಿಥಾನಿಗೂ ಇದರ ಅರಿವಾಗಿರಬೇಕು. ಮಿಲಾನಿನಲ್ಲೇ ಹುಟ್ಟಿದ ಇನ್ನೊಂದು ಜೀನ್ ಚಿಕಿತ್ಸೆಯನ್ನು ಲಾಭವಿಲ್ಲವೆಂದು ಕಂಪನಿ ಕೈಬಿಟ್ಟಾಗ, 2023ರಲ್ಲಿ ಆ ಸಂಸ್ಥೆ ಅದರ ಪರವಾನಗಿಯನ್ನು ತಾನೇ ವಹಿಸಿಕೊಂಡಿತು.

ಉಳಿದ ಲೈಸೋಸೋಮ್ ರೋಗಗಳಲ್ಲಿ ಏರಿಳಿತಗಳಿವೆ. ಹರ್ಲರ್ ಕಾಯಿಲೆಯ ಎಂಟು ಮಕ್ಕಳ ಆಶಾದಾಯಕ ಫಲಿತಾಂಶ ಮಿಲಾನಿನಿಂದಲೇ 2021ರಲ್ಲಿ ಬಂತು. ಟೇ-ಸ್ಯಾಕ್ಸ್ ಕಾಯಿಲೆಯಲ್ಲಿ ಬೇರೆ ಬಗೆಯ ವೈರಸ್ಸನ್ನು ನೇರ ನರಮಂಡಲಕ್ಕೆ ಕೊಟ್ಟ ಮೊದಲ ಎರಡು ಮಕ್ಕಳ ವಿವರ 2022ರಲ್ಲಿ ಪ್ರಕಟವಾಯಿತು. ಗೆಲುವು ಅಲ್ಪ. ಎಚ್ಚರಿಕೆಯೂ ಬೇಕು. ಲೈಸೋಸೋಮಿನದಲ್ಲದ ಇನ್ನೊಂದು ಮಿದುಳು ಕಾಯಿಲೆಗೆ ಬಳಸಿದ ಇದೇ ಜಾತಿಯ ವೈರಸ್ ವಾಹನದಿಂದ 67 ಮಕ್ಕಳಲ್ಲಿ ಏಳು ಮಂದಿಗೆ ರಕ್ತದ ಕ್ಯಾನ್ಸರ್ ಬಂದದ್ದು 2024ರಲ್ಲಿ ವರದಿಯಾಗಿದೆ. ಆ ವಾಹನದ ಒಳರಚನೆ ಬೇರೆ, ಆದರೂ ಮಿಲಾನಿನ ಮಕ್ಕಳನ್ನು ಬಹುಕಾಲ ಗಮನಿಸುತ್ತಲೇ ಇರಬೇಕು.

ನಮ್ಮ ರಾಜ್ಯಕ್ಕೆ ಈ ಚರಿತ್ರೆ ದೂರದ್ದಲ್ಲ. ಅಕ್ಕನ ಮಗಳು, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇನ್ನೂ ಬಲವಾಗಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಇಲ್ಲಿನ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ಅಂಥವು. ತಂದೆತಾಯಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಾಧ್ಯತೆ ಅಂಥ ಮನೆಗಳಲ್ಲಿ ಹೆಚ್ಚು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯನ್ನು ಸೇರಿಸಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವುಂಟು. 35 ಕೋಟಿಯ ಮುಂದೆ ಅದು ಎಷ್ಟರದು?

ಆದರೆ ತಂತ್ರಜ್ಞಾನ ನಮ್ಮ ಕೈಗೆ ಬಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಅಲೋಕ್ ಶ್ರೀವಾಸ್ತವ ಅವರ ತಂಡ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫೀಲಿಯಾ ಕಾಯಿಲೆ ಇರುವ ಐದು ಮಂದಿಯ ಆಕರಕೋಶಗಳಿಗೆ ಇದೇ ಜಾತಿಯ ವೈರಸ್ಸಿನಿಂದ ಜೀನ್ ತುಂಬಿ ಮರಳಿಸಿದೆ. ಮಿಲಾನಿನಲ್ಲಿ ಮಾಡಿದ ಕೆಲಸದ ಕ್ರಮವೇ ಅದು. ಐವರಿಗೂ ರಕ್ತಸ್ರಾವ ನಿಂತದ್ದು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ವೆಲ್ಲೂರಿನ ಆಕರಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದೇ ಒಂದು ಘಟಕ. ಹೀಮೋಫೀಲಿಯಾಕ್ಕೆ ಮಾಡಲು ಬಂದದ್ದನ್ನು ಮುಂದೊಂದು ದಿನ ಎಂಎಲ್‌ಡಿಗೂ ಇಲ್ಲೇ, ಇಲ್ಲಿನ ಖರ್ಚಿನಲ್ಲಿ ಮಾಡಬಹುದು.

ಆಗಲೂ ಮಗು ಸಿಗಬೇಕಾದ್ದು ರೋಗ ಹೊರಬೀಳುವ ಮೊದಲು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಗೆಲ್ಬ್ ಅವರ ತಂಡ, ನವಜಾತ ಶಿಶುವಿನ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದ ಒಂದು ಹನಿ ಒಣ ರಕ್ತದಲ್ಲೇ ಸಲ್ಫಟೈಡ್ ಅಳೆಯುವ ಪರೀಕ್ಷೆ ರೂಪಿಸಿದೆ. ನ್ಯೂಯಾರ್ಕ್ ಮತ್ತು ಜರ್ಮನಿಯಲ್ಲಿ ಅಂಥ ಪರೀಕ್ಷೆಯನ್ನು ಪ್ರಾಯೋಗಿಕವಾಗಿ ಮಾಡಿ ನೋಡಿದ್ದಾರೆ. ಅದು ನಮ್ಮ ಹೆರಿಗೆ ಆಸ್ಪತ್ರೆಗಳಿಗೆ ಬರಬೇಕೆಂದು ಸರ್ಕಾರವನ್ನು ಕೇಳೋಣ. ಬರುವವರೆಗೆ ಓದುಗರಲ್ಲಿ ಒಂದು ಬಿನ್ನಹ: ನಿಮ್ಮ ಬಂಧುಬಳಗದಲ್ಲಿ ಕಲಿತ ನಡಿಗೆಯನ್ನೋ ಮಾತನ್ನೋ ಕಳೆದುಕೊಳ್ಳುತ್ತಿರುವ ಮಗುವಿದ್ದರೆ, ಹಣೆಬರಹ ಎಂದು ಸುಮ್ಮನಾಗಲು ಬಿಡಬೇಡಿ. ಅನುವಂಶಿಕ ರೋಗಗಳ ತಜ್ಞರಲ್ಲಿಗೆ ಕಳಿಸಿ ಕಾಯಿಲೆಯ ಹೆಸರನ್ನು ತಿಳಿಯಿರಿ, ಮುಂದಿನ ಮಗು ಹುಟ್ಟುವ ಮೊದಲೇ ತಿಳಿಯಿರಿ.